ಸಂಬಳ ಬರುತ್ತದೆ, ಬೇಸರವೇಕೆ?

ನಮ್ಮ ಬೀದಿಯ ಹಿರಿಯರೊಬ್ಬರು ಈಚೆಗೆ ಒಂದು ಸಂಜೆ ನಮ್ಮ ಮನೆಗೆ ಬಂದರು. ಗೋವಿಂದರಾಜನಗರದ ಬೀದಿಗಳನ್ನು ನೀವು ಬಲ್ಲಿರಾದರೆ ಇಲ್ಲಿಯ ನೆರೆಹೊರೆ ಎಂಥದೆಂದು ವಿವರಿಸಬೇಕಾದ್ದಿಲ್ಲ. ಮನೆಗೂ ಮನೆಗೂ ನಡುವೆ ಇರುವುದು ಒಂದು ಮೊಳದ ಸಂದು. ಪಕ್ಕದ ಮನೆಯಲ್ಲಿ ಇಂದು ಹುಳಿಯೋ ಗೊಜ್ಜೋ ಎಂಬುದು ನಮ್ಮ ಅಡಿಗೆಮನೆಯಲ್ಲಿ ನಿಂತರೇ ತಿಳಿಯುತ್ತದೆ. ಹಾಗಿರುವಾಗ, ಆ ಮನೆಯಲ್ಲಿ ಒಂದು ವಾರದಿಂದ ತಂದೆಗೂ ಮಗಳಿಗೂ ಮಾತು ನಿಂತಿದೆ ಎಂಬುದೂ ನಮಗೆ ತಿಳಿಯದೆ ಇರಲಿಲ್ಲ.

ಕುಳಿತವರೇ ಅವರು ನೇರವಾಗಿ ವಿಷಯಕ್ಕೆ ಬಂದರು. “ನೀವೂ ಈ ಸಾಫ್ಟ್‌ವೇರಿನಲ್ಲೇ ಇದ್ದವರಲ್ವಾ ಸಾರ್, ನಮ್ಮ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳಿ. ಕೆಲಸ ಬಿಡ್ತೀನಿ ಅಂತ ಕೂತಿದಾಳೆ. ಏನಮ್ಮ ಕಷ್ಟ ಅಂದ್ರೆ, ಕಷ್ಟ ಏನಿಲ್ಲ, ಬೇಜಾರು ಅಂತಾಳೆ. ನಾನು ಮೂವತ್ತೈದು ವರ್ಷ ದುಡಿದು ಕೊನೇ ತಿಂಗಳು ತಗೊಂಡ ಸಂಬಳದ ಎರಡರಷ್ಟು ಅವಳಿಗೆ ಬರುತ್ತೆ. ಅದರಲ್ಲಿ ಬೇಜಾರು ಎಲ್ಲಿಂದ ಬರುತ್ತೆ ಸಾರ್?”

ಈ ಪ್ರಶ್ನೆಗೆ ಆ ದಿನ ನಾನು ನೆಟ್ಟಗೆ ಉತ್ತರ ಹೇಳಲಾರದೆ ಹೋದೆ. ಕಾಫಿ ಕೊಟ್ಟು, ಹವೆಯ ಮಾತಾಡಿ, ಕಳುಹಿಸಿಕೊಟ್ಟೆ. ಅವರು ಹೋದ ಮೇಲೆ ಮನಸ್ಸಿಗೆ ಬಂದದ್ದನ್ನು ಈಗ ನಿಮ್ಮ ಮುಂದೆ ಹೇಳಿ ನೋಡುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಮಗನೋ ಮಗಳೋ ಸೊಸೆಯೋ ಇರಬಹುದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡುತ್ತಿರಬಹುದು. ಊಟಕ್ಕೆ ಕರೆದರೆ ಕೈಸನ್ನೆಯಲ್ಲಿ ‘ಆಮೇಲೆ’ ಎನ್ನುತ್ತಿರಬಹುದು.

ಮೊದಲು ನನ್ನ ತಂದೆಯವರ ಮಾತು. ಅವರು ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಊರಿನ ಈ ಪಶ್ಚಿಮ ಭಾಗವೇ ಕೈಕೆಲಸದವರದು. ಬಿನ್ನಿ ಮಿಲ್ಲು, ಮಾಗಡಿ ರಸ್ತೆಯ ಮಿನರ್ವ ಮಿಲ್ಲು, ಆಚೆ ರಾಜಾಜಿನಗರದ ಲೇತು ಮನೆಗಳು: ಇವುಗಳಲ್ಲಿ ದುಡಿದವರು ಕಟ್ಟಿಕೊಂಡ ಮನೆಗಳು ಇಲ್ಲಿ ಎಷ್ಟೋ. ಇವರೆಲ್ಲರಿಗೂ ಒಂದು ಭಾಗ್ಯವಿತ್ತು. ಮಾಡಿದ್ದನ್ನು ತೋರಿಸಬಹುದಾಗಿತ್ತು. ಮಿಲ್ಲಿನವನು ಪಂಚೆಯ ಅಂಚನ್ನು ಹಿಡಿದು ‘ಇದು ನಮ್ಮ ಮಗ್ಗದ್ದು’ ಎನ್ನಬಲ್ಲವನಾಗಿದ್ದ. ನನ್ನ ತಂದೆ ಒಂದು ದಿನ ಹಿತ್ತಾಳೆಯ ಒಂದು ಬುಷ್ಷನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದರು. ಗೀರು ಬಿದ್ದು ತಿರಸ್ಕೃತವಾದದ್ದು. ಅದನ್ನು ನನ್ನ ಅಂಗೈಯಲ್ಲಿಟ್ಟು, “ಒಳಗಡೆ ಬೆರಳಾಡಿಸು, ನುಣುಪು ನೋಡು” ಎಂದರು. ನಾನು ನೋಡಿದೆ. ತಾಯಿಯವರೂ ನೋಡಿದರು, ಆಮೇಲೆ ಅದನ್ನು ಉಪ್ಪಿನಕಾಯಿ ಜಾಡಿಯ ಬಟ್ಟೆಯ ಮೇಲೆ ಭಾರಕ್ಕೆ ಇಟ್ಟರು. ಇಪ್ಪತ್ತು ವರ್ಷ ಅದು ಅಲ್ಲೇ ಇತ್ತು.

೧೯೯೬ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರು ನನ್ನನ್ನು ಸಹಜವಾಗಿಯೇ ಕೇಳಿದರು.

“ಏನು ಮಾಡ್ತೀಯೋ ಅಲ್ಲಿ?”

“ಪ್ರೋಗ್ರಾಂ ಬರೀತೀನಪ್ಪ.”

“ಬರೆದದ್ದು ಎಲ್ಲಿದೆ?”

“ಅಮೆರಿಕದಲ್ಲಿ.”

ಅವರು ನಕ್ಕು ಸುಮ್ಮನಾದರು. ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ. ಈ ಸಂಭಾಷಣೆಯನ್ನು ಇಲ್ಲಿಂದ ಮುಂದಕ್ಕೆ ಒಯ್ಯುವ ದಾರಿ ಇಬ್ಬರಿಗೂ ಗೊತ್ತಿರಲಿಲ್ಲ.

ಆಗ ಬೆಂಗಳೂರಿಗೆ ಈ ಉದ್ಯೋಗ ತೀರ ಹೊಸದೇನಲ್ಲ. ಆರ್. ಕೆ. ಬಾಳಿಗರ ಕನಸಿನ ಎಲೆಕ್ಟ್ರಾನಿಕ್ ಸಿಟಿಗೆ ಎಪ್ಪತ್ತರ ದಶಕದಲ್ಲೇ ನೆಲ ಸಿದ್ಧವಾಗಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು ೧೯೮೫ರಲ್ಲೇ ಇಲ್ಲಿ ಬೀಡುಬಿಟ್ಟಿದ್ದರು. ಆದರೆ ನಮ್ಮಂಥ ಮನೆಗಳಿಗೆ ಈ ಉದ್ಯೋಗ ಗುಂಪುಗುಂಪಾಗಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಅದಕ್ಕೊಂದು ವಿಚಿತ್ರವಾದ ಕಾರಣ ಉಂಟು. ಹಿಂದಿನ ಗಣಕಯಂತ್ರಗಳಲ್ಲಿ ಜ್ಞಾಪಕದ ಜಾಗ ಬಹಳ ತುಟ್ಟಿ. ಹಾಗಾಗಿ ಇಸವಿಯನ್ನು ನಾಲ್ಕು ಅಂಕಿಯಲ್ಲಿ ಬರೆಯದೆ ಕೊನೆಯ ಎರಡರಲ್ಲೇ ಮುಗಿಸುತ್ತಿದ್ದರು. ‘೭೦’ ಎಂದರೆ ೧೯೭೦. ಇದು ನೆಟ್ಟಗೆ ನಡೆಯಿತು, ಶತಮಾನ ಮುಗಿಯಬಂದ ತನಕ. ‘೯೯’ ಆದ ಮೇಲೆ ‘೦೦’ ಬಂದರೆ ಯಂತ್ರಕ್ಕೆ ಅದು ೧೯೦೦. ಸಾಲದ ಬಡ್ಡಿ, ಪಿಂಚಣಿ, ವಿಮೆಯ ಅವಧಿ, ಎಲ್ಲ ಲೆಕ್ಕವೂ ತಲೆಕೆಳಗು. ಅದನ್ನು ತಿದ್ದಲು ಪಾಶ್ಚಾತ್ಯ ದೇಶಗಳಲ್ಲಿ ಕೈಗಳು ಸಾಲಲಿಲ್ಲ. ನಮ್ಮನ್ನು ಕರೆದರು.

ಎರಡು ವರ್ಷ ನಾನು ಮಾಡಿದ್ದು ಅದನ್ನೇ. ನಾನು ಹುಟ್ಟುವ ಮುಂಚೆ ಯಾರೋ ಕೋಬಾಲ್ ಭಾಷೆಯಲ್ಲಿ ಬರೆದಿಟ್ಟ ಸಾವಿರಾರು ಸಾಲುಗಳನ್ನು ಓದಿ, ಇಸವಿ ಎಲ್ಲಿ ಬರುತ್ತದೆಂದು ಹುಡುಕಿ ತಿದ್ದುವುದು. ಅಲ್ಲಲ್ಲಿ ಆ ಪುಣ್ಯಾತ್ಮ ತನ್ನ ಹೆಸರಿನ ಎರಡು ಮೊದಲಕ್ಷರ, ತಾರೀಕು, ಒಂದೊಂದು ಸಲ ‘ಇದನ್ನು ಮುಟ್ಟಬೇಡಿ’ ಎಂಬ ಎಚ್ಚರಿಕೆ ಬಿಟ್ಟಿದ್ದ. ಮುಖ ಕಾಣದ ಆ ಮನುಷ್ಯನೊಡನೆ ನನಗೆ ಒಂದು ಸ್ನೇಹವೇ ಬೆಳೆಯಿತು. ಅವನ ಜಾಣತನ ಯಾವುದು, ಸೋಮಾರಿತನ ಯಾವುದು, ಯಾವ ದಿನ ಆತುರದಲ್ಲಿದ್ದ ಎಂದೆಲ್ಲ ಗೊತ್ತಾಗುತ್ತಿತ್ತು.

೧೯೯೯ರ ಡಿಸೆಂಬರ್ ೩೧ರ ರಾತ್ರಿ ನಾವೆಲ್ಲ ಕಚೇರಿಯಲ್ಲೇ ಇದ್ದೆವು. ಮೊದಲು ನ್ಯೂಜಿಲೆಂಡಿನಲ್ಲಿ ಹೊಸ ವರ್ಷವಾಯಿತು, ಆಸ್ಟ್ರೇಲಿಯದಲ್ಲಾಯಿತು, ಜಪಾನಿನಲ್ಲಾಯಿತು. ನಮ್ಮ ನಡುರಾತ್ರಿಗೆ ಹೊರಗೆ ಪಟಾಕಿ ಸದ್ದು. ನಮಗೆ ಕೆಲಸವಿದ್ದದ್ದು ಮರುದಿನ ಬೆಳಿಗ್ಗೆ ಹತ್ತೂವರೆಗೆ. ಆಗ ನ್ಯೂಯಾರ್ಕಿನಲ್ಲಿ ನಡುರಾತ್ರಿ. ಹತ್ತೂವರೆ ಆಯಿತು. ಹನ್ನೊಂದಾಯಿತು. ಯಂತ್ರಗಳು ಎಂದಿನಂತೆ ಓಡಿದವು. ಕಣ್ಣು ಕೆಂಪಗೆ ಮಾಡಿಕೊಂಡು ಮಧ್ಯಾಹ್ನ ಮನೆಗೆ ಬಂದೆ. ತಂದೆ ಕಾದಿದ್ದರು.

“ಏನಾಯ್ತೋ?”

“ಏನೂ ಆಗಲಿಲ್ಲಪ್ಪ.”

“ಏನೂ ಆಗದೆ ಇರೋದಕ್ಕಾ ಎರಡು ವರ್ಷ ಸಂಬಳ ಕೊಟ್ಟದ್ದು?”

ಹಾಸ್ಯಕ್ಕೆ ಹೇಳಿದ ಮಾತು. ಆದರೆ ನಮ್ಮ ಉದ್ಯೋಗದ ಒಂದು ದೊಡ್ಡ ಪೇಚನ್ನು ಅವರು ಒಂದೇ ವಾಕ್ಯದಲ್ಲಿ ಹಿಡಿದಿದ್ದರು. ನಮ್ಮ ಕೆಲಸ ಚೆನ್ನಾಗಿ ಆದ ದಿನ ಯಾರಿಗೂ ಏನೂ ಕಾಣುವುದಿಲ್ಲ. ಕೆಟ್ಟ ದಿನ ಮಾತ್ರ ನಾವಿದ್ದೇವೆಂಬುದು ಲೋಕಕ್ಕೆ ನೆನಪಾಗುತ್ತದೆ.

ಹಾಗೆಂದು ಈ ಕೆಲಸದಲ್ಲಿ ಸುಖವೇ ಇಲ್ಲವೆಂದು ತಿಳಿಯಬೇಡಿ. ಇದೆ, ಅದೂ ಬಹಳ ಸೂಕ್ಷ್ಮವಾದ ಸುಖ. ೧೯೪೯ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಎಂಬ ಗಣಕಯಂತ್ರ ಕೆಲಸ ಆರಂಭಿಸಿತು. ಅದನ್ನು ಕಟ್ಟಿಸಿದ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರಿಗೆ ಆ ದಿನಗಳಲ್ಲಿ ಒಮ್ಮೆ ಮೆಟ್ಟಲಿನ ತಿರುವಿನಲ್ಲಿ ನಿಂತಾಗ ಒಂದು ಮಾತು ಹೊಳೆಯಿತಂತೆ: ತಮ್ಮ ಉಳಿದ ಬಾಳಿನ ದೊಡ್ಡ ಪಾಲು ತಾವೇ ಬರೆದದ್ದರಲ್ಲಿನ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ ಎಂದು. ನಿಜವಾಗಿಯೂ ನಮ್ಮ ದಿನದ ಹೆಚ್ಚು ಹೊತ್ತು ಹೋಗುವುದು ಹೀಗೆಯೇ. ಮೂರು ದಿನ ಹುಡುಕಿದರೂ ಸಿಕ್ಕದ ತಪ್ಪು, ನಾಲ್ಕನೆಯ ದಿನ ಸ್ನಾನದ ಮನೆಯಲ್ಲಿ ಹೊಳೆಯುತ್ತದೆ. ಓಡಿಹೋಗಿ ಒಂದು ಚಿಹ್ನೆ ತಿದ್ದಿದರೆ ಇಡೀ ಪ್ರೋಗ್ರಾಂ ಸರಾಗವಾಗಿ ಓಡುತ್ತದೆ. ವೀಣೆಯ ತಂತಿ ಶ್ರುತಿಗೆ ಕೂಡುವ ಕ್ಷಣವನ್ನು ಬಲ್ಲವರಿಗೆ ಈ ಸಂತೋಷದ ಜಾತಿ ತಿಳಿದೀತು. ಪದಬಂಧ ಬಿಡಿಸುವವರಿಗೂ ಅದರ ಒಂದು ಚೂರು ಗೊತ್ತು. ಆದರೆ ಆ ಕ್ಷಣದಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮನೆಗೆ ಬಂದು ಹೇಳಿದರೆ, “ಓ, ಸರಿಹೋಯ್ತಾ? ಊಟಕ್ಕೆ ಬಾ” ಎನ್ನುತ್ತಾರೆ.

ಇನ್ನು ಸಂಬಳದ ಪ್ರಶ್ನೆ. ಇದನ್ನು ಕುರಿತು ೧೯೫೯ರಲ್ಲೇ ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ಸಹೋದ್ಯೋಗಿಗಳೊಡನೆ ಒಂದು ಗ್ರಂಥ ಪ್ರಕಟಿಸಿದರು. ಪಿಟ್ಸ್‌ಬರ್ಗ್ ನಗರದ ಸುತ್ತಮುತ್ತಲಿನ ಸುಮಾರು ೨೦೦ ಮಂದಿ ಎಂಜಿನಿಯರುಗಳನ್ನೂ ಲೆಕ್ಕಪತ್ರದವರನ್ನೂ ಅವರು ಕೇಳಿದ್ದು ಎರಡೇ ಸಂಗತಿ: ಕೆಲಸದಲ್ಲಿ ಬಹಳ ಸಂತೋಷವಾದ ಒಂದು ಪ್ರಸಂಗ ಹೇಳಿ, ಬಹಳ ಬೇಸರವಾದ ಒಂದು ಪ್ರಸಂಗ ಹೇಳಿ. ಬಂದ ಉತ್ತರ ಕುತೂಹಲಕರವಾಗಿತ್ತು. ಸಂತೋಷದ ಕಥೆಗಳಲ್ಲಿ ಮತ್ತೆ ಮತ್ತೆ ಬಂದದ್ದು ಏನನ್ನೋ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಕೆಲಸದ ಸ್ವಾರಸ್ಯ. ಬೇಸರದ ಕಥೆಗಳಲ್ಲಿ ಬಂದದ್ದು ಕಂಪನಿಯ ಕಟ್ಟಳೆ, ಮೇಲಿನವರ ವರ್ತನೆ, ಕೆಲಸದ ಪರಿಸ್ಥಿತಿ, ಸಂಬಳ. ಎಂದರೆ, ಅವರ ಪ್ರಕಾರ ಸಂತೋಷವೂ ಬೇಸರವೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ. ಬೇರೆ ಬೇರೆ ಎರಡು ತಕ್ಕಡಿಗಳು. ಸಂಬಳ ಕಡಿಮೆಯಾದರೆ ಮನುಷ್ಯ ನೊಂದುಕೊಳ್ಳುತ್ತಾನೆ, ನಿಜ. ಹೆಚ್ಚಾದರೆ ಆ ನೋವು ಹೋಗುತ್ತದೆ, ಅಷ್ಟೆ. ಕೆಲಸದ ಸುಖ ಅದರಿಂದ ಹುಟ್ಟುವುದಿಲ್ಲ. ಈ ಸಿದ್ಧಾಂತವನ್ನು ಆಮೇಲಿನ ಪಂಡಿತರು ಸಾಕಷ್ಟು ಟೀಕಿಸಿದ್ದಾರೆ. ಗೆಲುವು ಬಂದರೆ ತನ್ನದು, ಸೋಲು ಬಂದರೆ ಕಂಪನಿಯದು ಎನ್ನುವುದು ಮನುಷ್ಯ ಸ್ವಭಾವವಲ್ಲವೆ ಎಂಬುದು ಅವರ ಆಕ್ಷೇಪ. ಒಪ್ಪತಕ್ಕ ಮಾತೇ. ಆದರೂ ನನ್ನ ಅನುಭವದಲ್ಲಿ ಹರ್ಜ್‌ಬರ್ಗ್ ಮುಕ್ಕಾಲು ಪಾಲು ಸರಿ.

ಆ ಅನುಭವವನ್ನು ಹೇಳಿಬಿಡುತ್ತೇನೆ. ೨೦೦೧ರಲ್ಲಿ ನಾನಿದ್ದ ಕಂಪನಿಯಲ್ಲಿ ನಾವು ಏಳು ಮಂದಿ ಹದಿನಾಲ್ಕು ತಿಂಗಳು ಕೂತು ಒಂದು ಪ್ರೋಗ್ರಾಂ ಕಟ್ಟಿದೆವು. ಇಸವಿ ತಿದ್ದುವ ಕೆಲಸವಲ್ಲ. ಮೊದಲ ಇಟ್ಟಿಗೆಯಿಂದ ನಮ್ಮದೇ. ಆಸ್ಪತ್ರೆಗಳು ಔಷಧದ ದಾಸ್ತಾನು ನೋಡಿಕೊಳ್ಳುವುದಕ್ಕೆ. ಅದು ಸಿದ್ಧವಾದ ವಾರವೇ ಮೇಲಿನಿಂದ ನಾಲ್ಕು ಸಾಲಿನ ಪತ್ರ ಬಂತು: ಗ್ರಾಹಕರ ಧೋರಣೆ ಬದಲಾಗಿದೆ, ಈ ಕೆಲಸ ಇಲ್ಲಿಗೆ ನಿಲ್ಲಿಸತಕ್ಕದ್ದು. ನಮಗೆಲ್ಲ ಕೇಕು ಕೊಟ್ಟು ಚಪ್ಪಾಳೆ ತಟ್ಟಿದರು. ಸಂಬಳ ತಾರೀಕಿಗೆ ಸರಿಯಾಗಿ ಬಂತು. ಒಬ್ಬನೇ ಒಬ್ಬ ದಾದಿಯೂ ಒಬ್ಬನೇ ಒಬ್ಬ ಔಷಧದ ಗುಮಾಸ್ತನೂ ಅದನ್ನು ಒಂದು ದಿನವೂ ಬಳಸಲಿಲ್ಲ.

ಮನೆಗೆ ಬಂದು ಹೇಳಿದೆ. “ಸಂಬಳ ಬಂತಲ್ಲ, ಹೋಗಲಿ ಬಿಡು” ಎಂದರು ಎಲ್ಲರೂ. ತಂದೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಸಲಾನಾದ್ರೂ ಓಡಿತೇನೋ?” ಎಂದು ಕೇಳಿದರು.

“ಓಡಿತಪ್ಪ. ನಮ್ಮ ಮುಂದೆ ಚೆನ್ನಾಗಿ ಓಡಿತು.”

ಆಗ ಅವರು ನನಗೆ ಎಂದೂ ಹೇಳದಿದ್ದ ಒಂದು ಸಂಗತಿ ಹೇಳಿದರು. ಬಹಳ ವರ್ಷಗಳ ಹಿಂದೆ ಇನ್ನೂರು ಬುಷ್ಷುಗಳ ಆರ್ಡರು ರದ್ದಾಗಿ, ಅಷ್ಟನ್ನೂ ಅವರ ಕಣ್ಣೆದುರಿಗೇ ತೂಕಕ್ಕೆ ಹಾಕಿ ಗುಜರಿಗೆ ಕೊಟ್ಟರಂತೆ. ಆ ರಾತ್ರಿ ಅವರು ಊಟ ಮಾಡಲಿಲ್ಲವಂತೆ. “ನಮಗೆ ಹಿತ್ತಾಳೆ ದುಡ್ಡಾದ್ರೂ ಬಂತು. ನಿನ್ನದರಲ್ಲಿ ಅದೂ ಇಲ್ಲ ನೋಡು” ಎಂದರು. ನಾನು ಈ ಉದ್ಯೋಗಕ್ಕೆ ಸೇರಿದ ಮೇಲೆ ನಮ್ಮಿಬ್ಬರ ನಡುವೆ ಕೆಲಸದ ವಿಷಯ ಬಂದು ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ಅರ್ಥವಾದದ್ದು ಅದೇ ಮೊದಲು.

ಇದಾದ ಎರಡು ವರ್ಷಕ್ಕೆ ಸೋದರಮಾವನವರ ಜೊತೆ ಮಾಗಡಿ ತಾಲ್ಲೂಕು ಕಚೇರಿಗೆ ಹೋಗಬೇಕಾಯಿತು. ನಮ್ಮ ಬಡಾವಣೆಯ ಪಕ್ಕದ ರಸ್ತೆಯನ್ನೇ ಹಿಡಿದು ಹೋದರೆ ಮಾಗಡಿ. ಆದರೂ ಅಲ್ಲಿಗೆ ನಾನು ಹೋಗುತ್ತಿದ್ದುದು ಮದುವೆ ಮುಂಜಿಗೆ ಮಾತ್ರ. ಮಾವನಿಗೆ ಜಮೀನಿನ ಪಹಣಿ ಬೇಕಾಗಿತ್ತು. ಪಹಣಿ ತರುವುದೆಂದರೆ ಹಿಂದೆ ಏನಾಗಿತ್ತೆಂಬುದನ್ನು ಹಳ್ಳಿಯ ನಂಟಿರುವವರು ಬಲ್ಲರು. ಗ್ರಾಮಲೆಕ್ಕಿಗರು ಸಿಕ್ಕಬೇಕು, ಸಿಕ್ಕಿದ ದಿನ ಪುಸ್ತಕ ಅವರ ಬಳಿ ಇರಬೇಕು, ಎರಡೂ ಕೂಡಿದ ದಿನ ಅವರ ಮನಸ್ಸು ಚೆನ್ನಾಗಿರಬೇಕು. ಮನಸ್ಸು ಚೆನ್ನಾಗಿರಲು ನಮ್ಮ ಜೇಬೂ ಚೆನ್ನಾಗಿರಬೇಕು. ಆ ಸಲ ಹಾಗಾಗಲಿಲ್ಲ. ‘ಭೂಮಿ’ ಎಂಬ ಯೋಜನೆ ೨೦೦೧ರಲ್ಲಿ ಬಂದಿತ್ತು. ರಾಜ್ಯದ ಸುಮಾರು ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳು, ಕೈಬರಹದಲ್ಲಿದ್ದವು, ಗಣಕಯಂತ್ರಕ್ಕೆ ಸೇರಿದ್ದವು. ಮಾವ ಕಿಟಕಿಯಲ್ಲಿ ೧೫ ರೂಪಾಯಿ ಕೊಟ್ಟರು. ಯಂತ್ರ ಕರ್ರೆಂದಿತು. ಕಾಗದ ಕೈಗೆ ಬಂತು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಅಷ್ಟೇನಾ?” ಎಂದರು.

ಆ ಪ್ರೋಗ್ರಾಮನ್ನು ಬರೆದವರು ರಾಷ್ಟ್ರೀಯ ಮಾಹಿತಿ ಕೇಂದ್ರದವರು, ಇದೇ ಬೆಂಗಳೂರಿನಲ್ಲಿ. ಅದರಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಒಂದು ಸಣ್ಣ ನಿಯಮ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು. ಹಿಂದಿನದನ್ನು ಎತ್ತಿ ಮುಂದಿಡಲು ಯಂತ್ರ ಬಿಡುವುದಿಲ್ಲ. ಪ್ರೋಗ್ರಾಂ ಬರೆಯುವವನಿಗೆ ಇದು ಬಲು ಸುಲಭದ ಕೆಲಸ, ಎಳೆಯರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಆದರೆ ತಾಲ್ಲೂಕು ಕಚೇರಿಯ ಅಂಗಳದಲ್ಲಿ ಅದರ ಅರ್ಥವೇ ಬೇರೆ. ಲಂಚವೆಲ್ಲ ಅಲ್ಲಿಗೆ ತೀರಿತೆಂದು ನಾನು ಹೇಳಿದರೆ ನೀವು ನಗುತ್ತೀರಿ, ನಗಬೇಕಾದ್ದೇ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುವವರು ಇದ್ದೇ ಇರುತ್ತಾರೆ. ಆದರೂ ಆ ದಿನ ಜಗುಲಿಯಲ್ಲಿ ನಿಂತು ನನಗೆ ಹುಟ್ಟಿದ್ದು ಮೆಚ್ಚುಗೆಯಲ್ಲ, ಶುದ್ಧವಾದ ಹೊಟ್ಟೆಕಿಚ್ಚು. ಅದನ್ನು ಬರೆದವನು ಮಧ್ಯಾಹ್ನ ಊಟ ಮಾಡಿ ಬಸ್ಸು ಹತ್ತಿದರೆ ಸಂಜೆಯೊಳಗೆ ತನ್ನ ಕೆಲಸವನ್ನು ನನ್ನ ಮಾವನ ಕೈಯಲ್ಲಿ ನೋಡಬಹುದಾಗಿತ್ತು. ನನ್ನ ಸಂಬಳ ಅವನದಕ್ಕಿಂತ ಹೆಚ್ಚೇ ಇದ್ದಿರಬೇಕು. ಬದಲಾಯಿಸಿಕೊಳ್ಳುತ್ತೀಯಾ ಎಂದು ಆ ಗಳಿಗೆಯಲ್ಲಿ ಯಾರಾದರೂ ಕೇಳಿದ್ದರೆ ಹೂಂ ಎನ್ನುತ್ತಿದ್ದೆ. ಊರಿಗೆ ವಾಪಸು ಬಂದ ಮೇಲೆ ಕೇಳಿದ್ದರೆ ಏನೆನ್ನುತ್ತಿದ್ದೆನೋ, ಮನೆಯ ಸಾಲ ತೀರಿರಲಿಲ್ಲ.

ಶೇಷಾದ್ರಿವಾಸು ಎಂಬವರ ಹೆಸರನ್ನು ನೀವು ಕೇಳಿರಬಹುದು. ಅಮೆರಿಕದಲ್ಲಿ ಎಂಜಿನಿಯರಾಗಿದ್ದು, ಬಿಡುವಿನ ಹೊತ್ತಿನಲ್ಲಿ ‘ಬರಹ’ವನ್ನು ಕಟ್ಟಿ, ೧೯೯೮ರಲ್ಲಿ ಉಚಿತವಾಗಿ ಹಂಚಿದರು. ಗಣಕಯಂತ್ರದಲ್ಲಿ ಕನ್ನಡ ಬರೆಯುವುದಕ್ಕೆ ಆಗ ಸಾಮಾನ್ಯ ಜನಕ್ಕೆ ಸುಲಭವಾಗಿ ಸಿಕ್ಕಿದ ಉಪಾಯ ಅದು. ಹೊಟ್ಟೆಯ ಕೆಲಸ ಒಂದು ಕಡೆ, ಮನಸ್ಸಿನ ಕೆಲಸ ಇನ್ನೊಂದು ಕಡೆ ಎಂದು ಇಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನನಗಂತೂ ಇರಲಿಲ್ಲ.

ಈಗ ಪಕ್ಕದ ಮನೆಯ ಹುಡುಗಿಯ ವಿಷಯ. ತಂದೆ ಬಂದು ಹೋದ ಮೂರನೆಯ ದಿನ ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದವಳನ್ನು ಮಾತಾಡಿಸಿದೆ. ಬೆಳಿಗ್ಗೆ ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ವೈಟ್‌ಫೀಲ್ಡಿಗೆ ಒಂದು ಗಂಟೆಯ ಮೇಲಾಗುತ್ತದೆ. ೨೦೨೩ರ ಅಕ್ಟೋಬರಿನಲ್ಲಿ ಆ ಮಾರ್ಗ ಪೂರ್ತಿ ತೆರೆಯುವುದಕ್ಕೆ ಮುಂಚೆ ಬಸ್ಸಿನಲ್ಲಿ ಪಡುತ್ತಿದ್ದ ಪಾಡಿಗೆ ಇದು ಸ್ವರ್ಗವೇ ಎಂದಳು. ಎಂದರೆ ಅವಳ ದೂರು ಪ್ರಯಾಣದ್ದಲ್ಲ. ಗಂಟೆಗಳದ್ದೂ ಅಲ್ಲ. ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂದು ದೊಡ್ಡವರೊಬ್ಬರು ಹೇಳಿ ೨೦೨೩ರಲ್ಲಿ ದೇಶವೆಲ್ಲ ಚರ್ಚೆಯಾಯಿತಲ್ಲ, ಅದನ್ನು ಎತ್ತಿದೆ. ಅವಳಿಗೆ ನಗು ಬಂತು.

“ಗಂಟೆ ಬಿಡಿ ಅಂಕಲ್. ಯೂರೋಪಿನ ಒಂದು ಇನ್ಶೂರೆನ್ಸ್ ಕಂಪನಿಗೆ ಮೂರು ವರ್ಷದಿಂದ ಕೆಲಸ ಮಾಡ್ತಿದೀನಿ. ನಾನು ಮಾಡಿದ್ದರಿಂದ ಯಾರಿಗೆ ಏನು ಉಪಯೋಗ ಆಯ್ತು ಅಂತ ಒಂದು ಸಲಾನೂ ಗೊತ್ತಾಗಿಲ್ಲ. ಕೆಟ್ಟರೆ ಮಾತ್ರ ಗೊತ್ತಾಗುತ್ತೆ, ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ. ಈಗ ಬರೆಯೋದೂ ನಾನಲ್ಲ. ಎ.ಐ. ಬರೆಯುತ್ತೆ. ಸರಿಯಾಗಿದೆಯಾ ಅಂತ ನಾನು ನೋಡಬೇಕು. ತಪ್ಪಾದ್ರೆ ಹೆಸರು ನಂದೇ.”

ನನಗೆ ಫ್ರೆಡ್ ಬ್ರೂಕ್ಸ್ ನೆನಪಾದರು. ಅರವತ್ತರ ದಶಕದಲ್ಲಿ ಐ.ಬಿ.ಎಂ. ಕಂಪನಿಯ ಒಂದು ಭಾರೀ ಪ್ರೋಗ್ರಾಮಿನ ಮೇಲ್ವಿಚಾರಕರಾಗಿದ್ದವರು. ೧೯೭೫ರ ತಮ್ಮ ಪುಸ್ತಕದಲ್ಲಿ ಅವರು ಈ ಕಸುಬಿನ ಸುಖದುಃಖಗಳನ್ನು ಎಣಿಸಿದ್ದಾರೆ. ತನ್ನ ಕೈಯಾರೆ ಒಂದು ವಸ್ತು ಮಾಡುವುದು, ಅದು ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದು, ಇವು ಸುಖದ ಕಡೆ. ತಪ್ಪು ಹುಡುಕುವ ಗೇಯ್ಮೆ ದುಃಖದ ಕಡೆ. ಈ ಹುಡುಗಿಯ ಪಾಲಿಗೆ ಮಾಡುವ ಸುಖ ಯಂತ್ರಕ್ಕೆ ಹೋಗಿದೆ, ಹುಡುಕುವ ಪಾಡು ಅವಳಿಗೆ ಉಳಿದಿದೆ. ಬೇಜಾರು ಎಲ್ಲಿಂದ ಬರುತ್ತದೆಂದು ಕೇಳಿದರಲ್ಲ, ಇಲ್ಲಿಂದ.

ಬಿಡು ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಒಂದು ಮಾತು ಹೇಳಿದೆ: “ನಿನ್ನ ಪ್ರೋಗ್ರಾಂ ಬಳಸುವ ಒಬ್ಬ ಗುಮಾಸ್ತನ ಜೊತೆ ಅರ್ಧ ಗಂಟೆ ಮಾತಾಡಿಸಿ ಅಂತ ನಿಮ್ಮ ಮೇಲಿನವರನ್ನ ಕೇಳಮ್ಮ.” ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ಕೇಳಿದಳು. ಎರಡು ವಾರಕ್ಕೆ ಒಪ್ಪಿಗೆ ಸಿಕ್ಕಿತು. ಫೋನಿನ ತೆರೆಯಲ್ಲಿ ಕಂಡವಳು ಐವತ್ತು ದಾಟಿದ ಒಬ್ಬ ಹೆಂಗಸು. ಧನ್ಯವಾದಗಿನ್ಯವಾದ ಏನೂ ಇಲ್ಲ. ಅರ್ಧ ಗಂಟೆ ಪೂರ್ತಿ ಬೈದಳಂತೆ. ಅರ್ಜಿಗಳ ಸರದಿ ಸೋಮವಾರ ಬೆಳಿಗ್ಗೆ ಕಟ್ಟಿಕೊಂಡು ನಿಂತುಬಿಡುತ್ತದೆ. ಮನೆ ಸುಟ್ಟವರು, ಕಾರು ಕಳೆದುಕೊಂಡವರು ದೂರವಾಣಿಯಲ್ಲಿ ಕಾಯುತ್ತಿರುತ್ತಾರೆ. ಅವರಿಗೆಲ್ಲ ಉತ್ತರ ಹೇಳಬೇಕಾದವಳು ತಾನು ಎಂದಳಂತೆ. ಹುಡುಗಿ ಅದನ್ನೆಲ್ಲ ನನಗೆ ತಾರಸಿಯ ಮೇಲೆ ನಿಂತು, ಬಟ್ಟೆ ತೆಗೆಯುವುದನ್ನೂ ಮರೆತು ಹೇಳಿದಳು. ಬೈಸಿಕೊಂಡು ಬಂದವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಕಂಡಿರಲಿಲ್ಲ.

ಕೆಲಸ ಬಿಡುವ ಮಾತನ್ನು ಅವಳು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಹೋದ ಭಾನುವಾರ ಹಾಲು ತರಲು ಹೊರಟವನನ್ನು ಅವಳ ತಂದೆ ಗೇಟಿನ ಬಳಿ ನಿಲ್ಲಿಸಿದರು.

“ಸಾರ್, ಅದೇನೋ ಕ್ಯೂ ಅಂತೆ. ಸೋಮವಾರ ಬೆಳಿಗ್ಗೆ ತುಂಬಿಕೊಳ್ಳುತ್ತಂತೆ. ಬೇರೆ ದಿನ ಯಾಕೆ ತುಂಬಲ್ಲ?”

“ನಿಮ್ಮ ಮಗಳನ್ನೇ ಕೇಳಿ.”

“ಕೇಳಿದೆ ಸಾರ್. ರಾತ್ರಿ ಹನ್ನೊಂದರ ತನಕ ಹೇಳಿದಳು. ತೊಗರಿಬೇಳೆ ಕಾಳು ಸಾಲಾಗಿ ಜೋಡಿಸಿ ತೋರಿಸಿದಳು. ಅರ್ಧ ಅರ್ಥ ಆಯ್ತು.” ಒಳಗೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರು: “ಎದ್ದ ಮೇಲೆ ಇನ್ನೊಂದು ಸಲ ಕೇಳ್ತೀನಿ.”